ಹಣ ಹೋದದ್ದಕ್ಕಿಂತ ಹೆಚ್ಚು ಕಾಡಿದ ನಾಚಿಕೆ

ಮಂಗಳಮ್ಮ (ಹೆಸರು, ವಿವರ ಬದಲಿಸಿದ್ದೇನೆ) ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪತಿ ಇಲ್ಲ, ಮಗಳು ಹೊರದೇಶದಲ್ಲಿ. ಮಗಳ ಒತ್ತಾಯಕ್ಕೆ ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದಾಗ ಅವರಿಗೆ ಸರಿಯಾದ ನಿದ್ದೆಯಿರಲಿಲ್ಲ. ಮೊಬೈಲ್ ರಿಂಗಾದರೆ ಕೈ ನಡುಗುತ್ತಿತ್ತು.

ನಡೆದದ್ದು ‘ಡಿಜಿಟಲ್ ಅರೆಸ್ಟ್’, ಅಂದರೆ ಪೊಲೀಸರ ಸೋಗಿನಲ್ಲಿ ಫೋನಿನಲ್ಲೇ ‘ಬಂಧಿಸಿ’ ಹಣ ಕೀಳುವ ವಂಚನೆ. ನಿಮ್ಮ ಆಧಾರ್ ಬಳಸಿ ಕಳಿಸಿದ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ ಎಂದು ಕರೆ. ಬೆನ್ನಲ್ಲೇ ವಿಡಿಯೊದಲ್ಲಿ ಪೊಲೀಸ್ ಸಮವಸ್ತ್ರ ತೊಟ್ಟವನು. ಎರಡು ದಿನ ಕ್ಯಾಮೆರಾ ಮುಂದೆಯೇ ಕೂರಿಸಿದ್ದಾರೆ. “ಒಲೆಯ ಮೇಲೆ ಹಾಲಿದೆ ಸಾರ್, ಇಳಿಸಿ ಬರಲೇ?” ಎಂದು ಅವನನ್ನು ಕೇಳಿಕೊಂಡದ್ದನ್ನು ಹೇಳುವಾಗ ಆಕೆ ತಲೆಯೆತ್ತಲಿಲ್ಲ. ಠೇವಣಿ ಮುರಿಸುವಾಗ ಬ್ಯಾಂಕಿನವರು ಕಾರಣ ಕೇಳಿದರೆ, ಅವನು ಹೇಳಿಕೊಟ್ಟಂತೆ “ಮಗಳು ಸೈಟು ಕೊಳ್ಳುತ್ತಿದ್ದಾಳೆ” ಎಂದಿದ್ದಾರೆ.

“ಲೆಕ್ಕದ ಟೀಚರ್ ನಾನು, ಇಷ್ಟು ದಡ್ಡಿಯಾದೆನಲ್ಲ ಮೇಡಂ” ಎಂಬುದೇ ಅವರ ಹಲುಬು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲವೆಂದು ನಾನು ಖಂಡಿತವಾಗಿ ಹೇಳಿದೆ. ಜೀವಮಾನವಿಡೀ ಸರ್ಕಾರಿ ಆದೇಶಕ್ಕೆ ಅಂಜಿ ನಡೆದವರು, “ಇದೇನು, ನೋಡು” ಎಂದು ಕೇಳಲು ಮನೆಯಲ್ಲಿ ಇನ್ನೊಂದು ಜೀವವಿಲ್ಲದವರು ಇಂಥ ವಂಚನೆಗೆ ಬೇಗ ಸಿಗುತ್ತಾರೆ. “ಯಾರಿಗೂ ಹೇಳಬೇಡಿ” ಎಂಬ ಬೆದರಿಕೆ ಉಳಿದಿದ್ದ ಆಸರೆಯನ್ನೂ ಕಿತ್ತುಕೊಳ್ಳುತ್ತದೆ.

ಮಗಳೊಂದಿಗೆ ಬೇರೆಯಾಗಿ ಮಾತನಾಡಿದೆ. “ಅಷ್ಟೂ ತಿಳಿಯಲಿಲ್ಲವೇನಮ್ಮ?” ಎಂದು ಆಕೆ ಆಗಲೇ ಹಲವು ಸಲ ಕೇಳಿಯಾಗಿತ್ತು. ಈ ಪ್ರಶ್ನೆಯನ್ನು ಇನ್ನೆಂದೂ ಕೇಳಬೇಡಿ, ದಿನಕ್ಕೊಮ್ಮೆ ಅಡುಗೆ, ಆರೋಗ್ಯದ ಮಾತಿಗಾಗಿಯೇ ಕರೆ ಮಾಡಿ ಎಂದೆ. ಮನೆಯವರ ಕಣ್ಣಲ್ಲಿ ಸಣ್ಣವರಾಗುತ್ತೇವೆಂಬ ಭಯಕ್ಕೆ ಎಷ್ಟೋ ಹಿರಿಯರು ದೂರನ್ನೇ ಕೊಡುವುದಿಲ್ಲ. ಮಂಗಳಮ್ಮನೂ ಐದು ದಿನ ಬಾಯಿಬಿಟ್ಟಿರಲಿಲ್ಲ. ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿದರೆ ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ಆ ಹೊತ್ತನ್ನು ನಾಚಿಕೆ ನುಂಗಿತು.

ಅವರಿಗೆ ಕೊಟ್ಟ ಸಲಹೆ ಹೀಗಿತ್ತು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಗುಟ್ಟಾಗಿಡಿ ಎಂದು ಯಾರೇ ಹೇಳಲಿ, ಕರೆ ಕತ್ತರಿಸಿ ಪಕ್ಕದ ಮನೆಯವರ ಬಾಗಿಲು ತಟ್ಟಬೇಕು. ಸದ್ಯಕ್ಕೆ ಪರಿಚಿತರ ಕರೆಗಳಿಗೆ ಮಾತ್ರ ಮೊಬೈಲ್ ಸದ್ದು ಮಾಡಲಿ. ಬ್ಯಾಂಕಿನಲ್ಲಿ ವರ್ಗಾವಣೆಯ ಮಿತಿ ಇಳಿಸಬೇಕು. ನಿದ್ದೆಗಾಗಿ ಮನೋವೈದ್ಯರ ಬಳಿ ಕಳಿಸಿದೆ. ರಾತ್ರಿ ದಿಗಿಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ ಎಂದೆ.

ಹಣದ ಸ್ವಲ್ಪ ಭಾಗವಷ್ಟೇ ತಡೆಹಿಡಿಯಲಾಗಿದೆ. ನಿದ್ದೆ ಸುಧಾರಿಸಿದೆ. ಹೋದ ವಾರ ನಿವೃತ್ತ ಶಿಕ್ಷಕರ ಸಭೆಯಲ್ಲಿ ನಡೆದದ್ದನ್ನು ತಾವೇ ಎದ್ದು ನಿಂತು ಹೇಳಿದರಂತೆ.