ಮೂವತ್ತು ದಾಟಿದ ಮೇಲೆ ಫುಟ್‌ಬಾಲ್‌ನ ಕೆಲವು ಫಾರ್ವರ್ಡ್‌ಗಳು, ಅಂದರೆ ಗೋಲು ಹೊಡೆಯುವ ಮುಂಚೂಣಿ ಆಟಗಾರರು, ಮಂಕಾಗುತ್ತಾರೆ, ಕೆಲವರು ಗೋಲು ಹೊಡೆಯುತ್ತಲೇ ಇರುತ್ತಾರೆ. ಏಕೆ?

ಓಟದ ವೇಗವನ್ನೇ ನೆಚ್ಚಿಕೊಂಡವರು ಬೇಗ ಮಂಕಾಗುತ್ತಾರೆ. ಎಲ್ಲಿ, ಯಾವ ಕ್ಷಣದಲ್ಲಿ ನಿಲ್ಲಬೇಕೆಂದು ಬಲ್ಲವರು ಉಳಿಯುತ್ತಾರೆ.

ವೇಗವನ್ನು ನೆಚ್ಚಿದ ಫಾರ್ವರ್ಡ್‌ನ ಕೆಲಸವೆಲ್ಲ ಮೊದಲ ನಾಲ್ಕೈದು ಹೆಜ್ಜೆಗಳಲ್ಲಿದೆ. ನಿಂತಲ್ಲಿಂದ ಚಿಮ್ಮಿ ಡಿಫೆಂಡರ್‌ಗಿಂತ ಅರ್ಧ ಗಜ ಮುಂದೆ ಹೋದರೆ ಚೆಂಡು ಅವನದು. ಈ ಚಿಮ್ಮುವ ಶಕ್ತಿ ಸ್ನಾಯುಗಳಲ್ಲಿರುವ, ಥಟ್ಟನೆ ಸಂಕುಚಿತಗೊಳ್ಳುವ ಎಳೆಗಳಿಂದ ಬರುತ್ತದೆ. ವಯಸ್ಸಾದಂತೆ ಮೊದಲು ಕುಗ್ಗುವುದು ಅವೇ. ದೀರ್ಘಕಾಲ ಓಡುವ ತಾಕತ್ತು ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಪೂರ್ಣ ವೇಗದ ಓಟದಲ್ಲಿ ತೊಡೆಯ ಹಿಂಭಾಗದ ಸ್ನಾಯು ಹರಿಯುವುದೂ ಸಾಮಾನ್ಯ, ಒಮ್ಮೆ ಹರಿದದ್ದು ಮತ್ತೆ ಹರಿಯುವ ಅಪಾಯ ಹೆಚ್ಚು.

ಇಂಗ್ಲೆಂಡಿನ ಮೈಕೆಲ್ ಓವನ್ ಅವರನ್ನು ನೋಡಿ. 1998ರ ವಿಶ್ವಕಪ್‌ನಲ್ಲಿ, 18ನೇ ವಯಸ್ಸಿಗೆ, ಅರ್ಜೆಂಟೀನಾದ ರಕ್ಷಣೆಯನ್ನು ಸೀಳಿಕೊಂಡು ಓಡಿ ಗೋಲು ಹೊಡೆದರು. 2001ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಪಡೆದರು. ಆದರೆ ಪದೇ ಪದೇ ಕಾಡಿದ ಗಾಯಗಳು ಆ ವೇಗವನ್ನು ಕಸಿದುಕೊಂಡವು. ಅಂಥ ಪ್ರತಿಭೆ ಅಷ್ಟು ಬೇಗ ಸೊರಗಿದ್ದು ನನಗೆ ಇಂದಿಗೂ ನೋವಿನ ಸಂಗತಿ.

ಫ್ರಾನ್ಸಿನ ಒಲಿವಿಯೆ ಜಿರೂ ಎಂದೂ ವೇಗಿಯಾಗಿರಲಿಲ್ಲ. ಬೆನ್ನಿನಿಂದ ಡಿಫೆಂಡರನ್ನು ತಡೆದು ಚೆಂಡನ್ನು ಜತೆಗಾರನಿಗೆ ಒಪ್ಪಿಸುವುದು, ಅಂಚಿನಿಂದ ಕ್ರಾಸ್ ಬರುವ ಹೊತ್ತಿಗೆ ಸರಿಯಾಗಿ ಜಿಗಿದು ಚೆಂಡನ್ನು ತಲೆಯಿಂದ ಹೊಡೆಯುವುದು ಅವರ ಬಲ. ಹಾಗಾಗಿಯೇ 2022ರ ವಿಶ್ವಕಪ್‌ನಲ್ಲಿ, 36ನೇ ವಯಸ್ಸಿನಲ್ಲಿ, ಫ್ರಾನ್ಸ್ ಪುರುಷರ ತಂಡದ ಗೋಲು ದಾಖಲೆಯನ್ನು ಮುರಿದರು.

ಮೂರನೆಯ ದಾರಿ ಕ್ರಿಸ್ಟಿಯಾನೊ ರೊನಾಲ್ಡೊ ಅವರದು: ಅಂಚಿನಲ್ಲಿ ಓಡುವ ವಿಂಗರ್ ಆಗಿ ಆರಂಭಿಸಿ, ವಯಸ್ಸಾದಂತೆ ಗೋಲಿನ ಮುಂದಿನ ಪೆನಾಲ್ಟಿ ಆವರಣಕ್ಕೆ ಸರಿದರು. ಅಲ್ಲಿ ಓಟ ಕಡಿಮೆ, ಅವಕಾಶ ಹೆಚ್ಚು.