ಕಣ್ಣು ಕಾಣದ ಸ್ಟೂಡೆಂಟ್‌ಗೆ ಎಕನಾಮಿಕ್ಸ್ ಪಾಠ ಹೇಗೆ ಮಾಡೋದು?

ಡಿಗ್ರಿ ಕಾಲೇಜಿಗೆ ಹೊಸದಾಗಿ ಗೆಸ್ಟ್ ಲೆಕ್ಚರರ್ ಆಗಿ ಸೇರಿದೀನಿ, ಬಿಎ ಫಸ್ಟ್ ಸೆಮ್‌ನಲ್ಲಿ ಪೂರ್ತಿ ಕಣ್ಣು ಕಾಣದ ಒಬ್ಬ ಹುಡುಗ ಇದ್ದಾನೆ, ನಮ್ಮ ಸಬ್ಜೆಕ್ಟಲ್ಲಿ ಎಲ್ಲಿ ನೋಡಿದ್ರೂ ಗ್ರಾಫೇ, ಸ್ಪೆಷಲ್ ಟ್ರೇನಿಂಗ್ ಏನಾದ್ರೂ ತಗೋಬೇಕಾ ಅಂತ ಕೇಳಿದೀರಿ. ನಾನೂ ಎಕನಾಮಿಕ್ಸೇ, ಆರು ವರ್ಷದ ಹಿಂದೆ ಇದೇ ಪೇಚಿಗೆ ಸಿಕ್ಕಿಹಾಕ್ಕೊಂಡಿದ್ದೆ. ಟ್ರೇನಿಂಗ್ ಸಿಕ್ಕಿದ್ರೆ ಖಂಡಿತ ತಗೊಳ್ಳಿ, ಆದ್ರೆ ನಾಳೆ ಬೆಳಗ್ಗೆ ಕ್ಲಾಸ್ ಇದೆಯಲ್ಲ, ಅದು ನಿಮ್ಮ ಟ್ರೇನಿಂಗ್ ಮುಗೀಲಿ ಅಂತ ಕಾಯಲ್ಲ.

ನನ್ನ ಕ್ಲಾಸಲ್ಲಿ ಇದ್ದಿದ್ದು ಒಬ್ಬ ಹುಡುಗಿ. ನಾನು ಬೋರ್ಡ್ ತುಂಬ ಬರೆಯೋ ಮನುಷ್ಯ, ಚೆನ್ನಾಗಿ ಪಾಠ ಮಾಡ್ತೀನಿ ಅನ್ನೋ ಜಂಬ ಬೇರೆ. ಬೇಡಿಕೆ ರೇಖೆ ಎಳೆದು "ನೋಡಿ, ಇದು ಹಿಂಗೆ ಕೆಳಗೆ ಬಂತು ಅಂದ್ರೆ ಅದು ಇಲ್ಲಿಂದ ಇಲ್ಲಿಗೆ ಹೋಗುತ್ತೆ, ಗೊತ್ತಾಯ್ತಾ" ಅಂತ ಒಂದು ತಿಂಗಳು ಸಾಗಿಸಿದೆ. ಒಂದಿನ ಬೆಲ್ ಆದ್ಮೇಲೆ ಅವಳು ಬಂದು ಮೆಲ್ಲಗೆ ಕೇಳಿದ್ಲು, "ಸರ್, ಇದು ಅಂದ್ರೆ ಯಾವ್ದು, ಅದು ಅಂದ್ರೆ ಯಾವ್ದು?" ಅವತ್ತು ಮನೆಗೆ ಹೋಗೋ ಬಸ್ಸಲ್ಲಿ ಕೂತು ಯೋಚನೆ ಮಾಡಿದ್ರೆ ನನ್ನ ಇಡೀ ಪಾಠದಲ್ಲಿ ಇದು, ಅದು, ಇಲ್ಲಿ, ಅಲ್ಲಿ ಬಿಟ್ರೆ ಬೇರೆ ಪದಾನೇ ಇರ್ಲಿಲ್ಲ ಅನ್ನಿಸ್ತು.

ಆಮೇಲಿಂದ ಚಾಕ್ ಏನು ಬರೆಯುತ್ತೋ ಅದನ್ನ ಬಾಯಲ್ಲೂ ಹೇಳೋಕೆ ಶುರು ಮಾಡಿದೆ. "ಲಂಬ ಅಕ್ಷದಲ್ಲಿ ಬೆಲೆ, ಅಡ್ಡ ಅಕ್ಷದಲ್ಲಿ ಪ್ರಮಾಣ, ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳಿಯೋ ಗೆರೆ, ಬೆಲೆ 20ರಿಂದ 15ಕ್ಕೆ ಇಳಿದ್ರೆ ಪ್ರಮಾಣ 40ರಿಂದ 60ಕ್ಕೆ" ಹಿಂಗೆ. ಮೊದಮೊದಲು ನಾಲಿಗೆ ತೊಡರುತ್ತೆ, ಪೋರ್ಷನ್ನೂ ಸ್ವಲ್ಪ ಹಿಂದೆ ಬೀಳುತ್ತೆ, ಸುಳ್ಳು ಹೇಳಲ್ಲ. ಆದ್ರೆ ಲಾಸ್ಟ್ ಬೆಂಚಲ್ಲಿ ಕೂರ್ತಿದ್ದ, ಪಿಯುಸಿಯಲ್ಲೂ ಗ್ರಾಫ್ ಅರ್ಥ ಆಗದೆ ಬರೀ ಬಾಯಿಪಾಠ ಹೊಡೆದು ಬಂದಿದ್ದ ಮೂರ್ನಾಲ್ಕು ಹುಡುಗ್ರು ಈಗ ನೋಟ್ಸ್ ಬರ್ಕೊಳ್ತಿದ್ರು.

ಇನ್ನು ಗ್ರಾಫ್. ಒಂದು ಥರ್ಮಾಕೋಲ್ ಶೀಟು, ಗುಂಡುಪಿನ್ನು, ದಪ್ಪ ನೂಲು ತಗೊಳ್ಳಿ, ಎಲ್ಲಾ ಸೇರಿ ನೂರು ರೂಪಾಯಿ ಒಳಗೆ ಆಗುತ್ತೆ. ಅಕ್ಷಗಳಿಗೆ ಐಸ್‌ಕ್ರೀಂ ಕಡ್ಡಿ ಅಂಟಿಸಿ, ರೇಖೆಗೆ ನೂಲು. ನಾನೇ ಅವಳ ಕೈ ಹಿಡಿದು ಎಳೆದು ತೋರಿಸೋಕೆ ಹೋಗಿದ್ದೆ, ಅದೂ ತಪ್ಪೇ, ಬೋರ್ಡ್ ಕೊಟ್ಟು ಸುಮ್ನಿದ್ರೆ ಅವರೇ ತಡವಿ ನೋಡ್ಕೊಳ್ತಾರೆ. ಎರಡನೇ ದಿನಾನೇ ಅವಳು ಕೇಳಿದ ಪ್ರಶ್ನೆ ಕೇಳಿ: "ಸರ್, ಬೆಲೆ ಇಳಿದ್ರೆ ಬೆರಳು ದಾರದ ಮೇಲೇ ಜಾರುತ್ತೆ. ಜನರ ಆದಾಯ ಜಾಸ್ತಿ ಆದ್ರೆ ದಾರಾನೇ ಕಿತ್ತು ಬಲಕ್ಕೆ ಇಡ್ಬೇಕಾ?" ರೇಖೆಯ ಮೇಲಿನ ಚಲನೆ ಬೇರೆ, ರೇಖೆಯೇ ಪಲ್ಲಟ ಆಗೋದು ಬೇರೆ ಅನ್ನೋದನ್ನ ನಾನು ವರ್ಷಾ ವರ್ಷಾ ಬಡ್ಕೊಂಡ್ರೂ ಅರ್ಧ ಕ್ಲಾಸ್ ಎಕ್ಸಾಮಲ್ಲಿ ಅದಲು ಬದಲು ಬರೆಯುತ್ತೆ, ಇವಳು ಬೆರಳಲ್ಲೇ ಹಿಡಿದಿದ್ಲು. ಆ ಪ್ರಶ್ನೆನ ಈಗಲೂ ಪ್ರತಿ ಬ್ಯಾಚಲ್ಲಿ ಹಾಗೇ ಕೇಳ್ತೀನಿ.

ನೋಟ್ಸ್ ವಿಷಯಕ್ಕೆ ಬರೋಣ, ಇಲ್ಲಿ ನಂಗೆ ಸರಿಯಾಗಿ ಬುದ್ಧಿ ಬಂತು. ನಾನು ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದ ನೋಟ್ಸನ್ನ ಪಿಡಿಎಫ್ ಮಾಡಿ ವಾಟ್ಸಾಪಲ್ಲಿ ಕಳ್ಸಿದೆ, ದೊಡ್ಡ ಉಪಕಾರ ಮಾಡಿದೆ ಅನ್ಕೊಂಡು. ಮಾರನೇ ದಿನ ಅವಳು "ಸರ್, ಫೋನು ಬರೀ ಪೌಂಡ್ ಪೌಂಡ್ ಅಂತ ಓದ್ತಿದೆ, ಇದು ಬ್ರಿಟನ್ ಎಕಾನಮಿ ಚಾಪ್ಟರಾ?" ಅಂದ್ಲು. ಸಂಗತಿ ಏನಂದ್ರೆ ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಕಣ್ಣಿಗೆ ಕನ್ನಡ ಕಂಡ್ರೂ ಒಳಗೆ ಕೂತಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ನುಡಿಯಲ್ಲಿ ನಮ್ಮ ನ ಅಕ್ಷರದ ಜಾಗದಲ್ಲಿ ಪೌಂಡ್ ಗುರುತೇ ಇರುತ್ತೆ. ಸ್ಕ್ರೀನ್ ರೀಡರ್, ಅಂದ್ರೆ ಪರದೆ ಮೇಲಿನ ಬರಹನ ದನಿಯಲ್ಲಿ ಓದಿ ಹೇಳೋ ಸಾಫ್ಟ್‌ವೇರ್, ಒಳಗಿರೋದನ್ನೇ ಓದುತ್ತೆ, ಅದರ ತಪ್ಪಲ್ಲ. ಹಾಗಾಗಿ ಒಳಗೂ ಕನ್ನಡ ಅಕ್ಷರವೇ ಇರೋ ಯೂನಿಕೋಡಲ್ಲೇ ಟೈಪ್ ಮಾಡಿ, ಹಳೇದಿದ್ರೆ ಕನ್ವರ್ಟರ್‌ಗೆ ಹಾಕಿ ಒತ್ತಕ್ಷರ ಒಂದ್ಸಲ ಚೆಕ್ ಮಾಡಿ, ವರ್ಡ್ ಫೈಲನ್ನೇ ಕಳ್ಸಿ. ಬೋರ್ಡ್ ಫೋಟೋ, ಕೈಬರಹದ ಫೋಟೋ ಕಳಿಸಿದ್ರೆ ಪ್ರಯೋಜನ ಕಮ್ಮಿ. ಪ್ರಿಂಟ್ ಆದ ಕನ್ನಡನ ಗೂಗಲ್ ಲೆನ್ಸ್ ಒಂದು ಮಟ್ಟಿಗೆ ಓದುತ್ತೆ, ನನ್ನ ಕೈಬರಹ ನಂಗೇ ಓದೋಕೆ ಬರಲ್ಲ.

ನಿಮ್ಮ ಹುಡುಗನ ಫೋನ್ ಆಂಡ್ರಾಯ್ಡ್ ಆದ್ರೆ ಟಾಕ್‌ಬ್ಯಾಕ್ ಅನ್ನೋ ಸ್ಕ್ರೀನ್ ರೀಡರ್ ಅದರಲ್ಲೇ ಇರುತ್ತೆ, ಬಹುಶಃ ಈಗಾಗ್ಲೇ ಬಳಸ್ತಿರ್ತಾನೆ. ಕಾಲೇಜಿನ ಕಂಪ್ಯೂಟರಿಗೆ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಹಾಕಿಸಿ, ಪೂರ್ತಿ ಫ್ರೀ, ಆಸ್ಟ್ರೇಲಿಯಾದ ಮೈಕಲ್ ಕರ್ರನ್ ಅನ್ನೋರು 2006ರಲ್ಲಿ ಶುರು ಮಾಡಿದ್ದು, ಅವರೂ ಕಣ್ಣು ಕಾಣದವರೇ. ಕನ್ನಡಾನೂ ಓದುತ್ತೆ, ದನಿ ರೋಬೋ ಥರ ಇರುತ್ತೆ ಅಷ್ಟೇ. ಅವಳು ಅದನ್ನ ಎಷ್ಟು ಸ್ಪೀಡಲ್ಲಿ ಇಟ್ಕೊಂಡು ಕೇಳ್ತಿದ್ಲು ಅಂದ್ರೆ ನಂಗೆ ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ. ಪುಸ್ತಕಗಳಿಗೆ ಸುಗಮ್ಯ ಪುಸ್ತಕಾಲಯ ಅಂತ ಆನ್‌ಲೈನ್ ಲೈಬ್ರರಿ ಇದೆ, ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಆಡಿಯೋ ಪುಸ್ತಕ ಮಾಡ್ತಾರೆ, ವಿಚಾರಿಸಿ.

ಕಾಲೇಜಲ್ಲಿ ಏನಾದ್ರೂ ಕೇಳೋಕೆ ಹೋದಾಗ "ಪಾಪ, ಕಣ್ಣು ಕಾಣಲ್ಲ ಸರ್" ಅಂತ ಶುರು ಮಾಡ್ಬೇಡಿ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಂತ ಶುರು ಮಾಡಿ. 21 ಬಗೆಯ ಅಂಗವೈಕಲ್ಯ ಅದರಲ್ಲಿ ಬರುತ್ತೆ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 40 ಪರ್ಸೆಂಟ್‌ಗಿಂತ ಕಮ್ಮಿ ಇಲ್ಲದ ವೈಕಲ್ಯ ಇರೋರಿಗೆ ಕನಿಷ್ಠ 5 ಪರ್ಸೆಂಟ್ ಸೀಟು ಮೀಸಲು. ಪಾಪ ಅಂದ್ರೆ ಟೀ ಕೊಡಿಸಿ ಕಳಿಸ್ತಾರೆ, ಕಾಯ್ದೆ ಅಂದ್ರೆ ಫೈಲ್ ಓಪನ್ ಮಾಡ್ತಾರೆ.

ಎಕ್ಸಾಮ್ ಬಗ್ಗೆ ಮಾತ್ರ ಈಗಿಂದಲೇ ತಲೆ ಕೆಡಿಸ್ಕೊಳ್ಳಿ. ಗಂಟೆಗೆ ಕನಿಷ್ಠ 20 ನಿಮಿಷ ಎಕ್ಸ್‌ಟ್ರಾ ಟೈಮ್ ಇದೆ, ಅಂದ್ರೆ ಮೂರು ಗಂಟೆ ಪೇಪರಿಗೆ ನಾಲ್ಕು ಗಂಟೆ. ಕಣ್ಣಿಂದ ನೋಡಿಯೇ ಉತ್ತರಿಸಬೇಕಾದ ಪ್ರಶ್ನೆಗೆ ಬದಲಿ ಪ್ರಶ್ನೆ ಕೊಡ್ಬೇಕು ಅಂತಾನೂ ಕೇಂದ್ರದ ಮಾರ್ಗಸೂಚಿ ಹೇಳುತ್ತೆ. ಅವರು ಹೇಳಿದ ಉತ್ತರನ ಕೇಳಿ ಬರೆಯೋರನ್ನ ಹುಡುಕೋದೇ ದೊಡ್ಡ ತಲೆನೋವು, ನಮ್ಮಲ್ಲಿ ಹಿಂದಿನ ದಿನ ಸಂಜೆ ಒಬ್ಬ ಫಸ್ಟ್ ಪಿಯುಸಿ ಸೈನ್ಸ್ ಹುಡುಗನ್ನ ಹಿಡ್ಕೊಂಡು ಬಂದ್ರು. ಅವಳು "ಸ್ಥಿತಿಸ್ಥಾಪಕತ್ವ" ಅಂತಾಳೆ, ಅವನು "ಏನಕ್ಕಾ?" ಅಂತಾನೆ, ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ ಹೇಳಿ ಬರೆಸೋ ಹೊತ್ತಿಗೆ ಎಕ್ಸ್‌ಟ್ರಾ ಟೈಮೆಲ್ಲಾ ಅದಕ್ಕೇ ಹೋಯ್ತು. ಗೊತ್ತಿದ್ದ ಕೊನೇ ಪ್ರಶ್ನೆ ಬಿಟ್ಟು ಬಂದ್ಲು. ಮುಂದಿನ ಸೆಮ್‌ನಲ್ಲಿ ಮೊದಲೇ ಒಬ್ಬನ್ನ ಗೊತ್ತು ಮಾಡಿ ಇಂಟರ್ನಲ್ಸನ್ನೂ ಅವನ ಕೈಲೇ ಬರೆಸಿದ್ವಿ, ಇಬ್ಬರಿಗೂ ಲಯ ಸಿಕ್ತು. ಯಾರು ಬರೀಬಹುದು ಅನ್ನೋ ನಿಯಮ ಬದಲಾಗ್ತಾ ಇರುತ್ತೆ, ನಿಮ್ಮ ಯೂನಿವರ್ಸಿಟಿಯ ಲೇಟೆಸ್ಟ್ ಸುತ್ತೋಲೆ ತೆಗ್ದು ನೋಡಿ.

ಹಾಂ, ಇನ್ನೊಂದು. ನೀವಾಗೇ ಅವನನ್ನ ಫಸ್ಟ್ ಬೆಂಚಿಗೆ ಎಳ್ಕೊಂಡು ಬರ್ಬೇಡಿ. ನಾನು ಹಂಗೇ ಮಾಡಿದ್ದೆ, ಫಸ್ಟ್ ಬೆಂಚ್ ಮೇಲಿದ್ದ ಫ್ಯಾನ್ ಕಟಕಟ ಅಂತ ಸದ್ದು ಮಾಡೋದ್ರಲ್ಲಿ ನನ್ನ ಮಾತೇ ಕೇಳಿಸ್ತಿರ್ಲಿಲ್ಲವಂತೆ, ಅದೂ ಅಲ್ದೆ ಅವಳ ಫ್ರೆಂಡ್ಸ್ ಎಲ್ಲಾ ಮೂರನೇ ಬೆಂಚಲ್ಲಿ. ಎಲ್ಲಿ ಕೂರ್ತೀಯಾ ಅಂತ ಕೇಳಿದ್ರೆ ಮುಗೀತಿತ್ತು, ನಾನು ಕೇಳಿದ್ದು ಎರಡು ತಿಂಗಳಾದ್ಮೇಲೆ.