ಬೆಳೆಸಲಾಗದ ಜೀವಿಯನ್ನು ಅರಿಯುವುದು ಹೇಗೆ?

ಪ್ರಶ್ನೆ: ಸಮುದ್ರದ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಪ್ರಯೋಗಾಲಯದಲ್ಲಿ ಬೆಳೆಯುವುದೇ ಇಲ್ಲವೆಂದು ಓದಿದೆ. ಹಾಗಿದ್ದರೆ ಅವು ಅಲ್ಲಿ ಏನು ಮಾಡುತ್ತಿವೆ ಎಂಬುದು ವಿಜ್ಞಾನಿಗಳಿಗೆ ತಿಳಿಯುವುದಾದರೂ ಹೇಗೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ಸಮುದ್ರದ ಮೇಲ್ಪದರದ ಒಂದೇ ಮಿಲಿಲೀಟರ್ ನೀರಿನಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ, ಆ ನೀರನ್ನು ಅಗರ್ ತಟ್ಟೆಯ (ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಪೋಷಕ ಜೆಲ್ಲಿಯ ತಟ್ಟೆ) ಮೇಲೆ ಹರಡಿದರೆ ಸಾಮಾನ್ಯವಾಗಿ ಶೇಕಡಾ 1ರಷ್ಟೂ ಬೆಳೆಯುವುದಿಲ್ಲ. ಆದ್ದರಿಂದ ಬೆಳೆಸುವ ಗೋಜಿಗೇ ಹೋಗದೆ, ನೀರನ್ನು ಸುಮಾರು 0.2 ಮೈಕ್ರೋಮೀಟರ್ ರಂಧ್ರಗಳಿರುವ ಪೊರೆಯಲ್ಲಿ ಸೋಸಿ, ಪೊರೆಯ ಮೇಲೆ ಉಳಿದ ಎಲ್ಲ ಕೋಶಗಳ ಡಿಎನ್‌ಎಯನ್ನು ಒಟ್ಟಿಗೇ ಹೊರತೆಗೆದು, ಅದರ ತುಣುಕುಗಳನ್ನು ಓದಿ, ಒಂದರ ಅಂಚು ಮತ್ತೊಂದಕ್ಕೆ ಎಲ್ಲಿ ಹೊಂದುತ್ತದೆಂದು ನೋಡಿ ಕಂಪ್ಯೂಟರಿನಲ್ಲಿ ಜೋಡಿಸುತ್ತಾರೆ. ಇದೇ ಮೆಟಾಜೀನೋಮಿಕ್ಸ್. 2004ರಲ್ಲಿ ಅಮೆರಿಕದ ವಿಜ್ಞಾನಿ ಕ್ರೇಗ್ ವೆಂಟರ್ ತಂಡವು ಉತ್ತರ ಅಟ್ಲಾಂಟಿಕ್ ಸಾಗರದ ಸಾರ್ಗಾಸೊ ಸಮುದ್ರದ ನೀರಿನಿಂದ ಹೀಗೆ 12 ಲಕ್ಷಕ್ಕೂ ಹೆಚ್ಚು ಹೊಸ ವಂಶವಾಹಿಗಳನ್ನು ಗುರುತಿಸಿತು. ಸಾಗರಗಳನ್ನು ಸುತ್ತಿದ ಸಂಶೋಧನಾ ನೌಕೆ ತಾರಾದ ಯಾನದ ಮಾದರಿಗಳಿಂದ 2015ರಲ್ಲಿ ಸಿದ್ಧವಾದ ಪಟ್ಟಿಯಲ್ಲಿ ಸುಮಾರು 4 ಕೋಟಿ ವಂಶವಾಹಿಗಳಿದ್ದವು.

ಆದರೆ ನಿಮ್ಮ ಪ್ರಶ್ನೆಗೆ ಈ ಎಣಿಕೆಗಿಂತ ಎಸ್‌ಎಆರ್‌11 ಎಂಬ ಬ್ಯಾಕ್ಟೀರಿಯಾ ಗುಂಪಿನ ಕಥೆಯೇ ಒಳ್ಳೆಯ ಉತ್ತರವೆಂದು ನನಗನಿಸುತ್ತದೆ. ಸಮುದ್ರದ ಅತಿ ಹೇರಳ ಜೀವಿಗಳಲ್ಲಿ ಒಂದಾದ ಇದರ ಸುಳಿವು 1990ರಲ್ಲಿ ಸಿಕ್ಕಿದ್ದು ಸಾರ್ಗಾಸೊ ಸಮುದ್ರದ ನೀರಿನಿಂದ ತೆಗೆದ ವಂಶವಾಹಿಯಲ್ಲಿ ಮಾತ್ರ. ಶುದ್ಧೀಕರಿಸಿದ ಸಮುದ್ರದ ನೀರಿನಲ್ಲೇ ಅದನ್ನು ಬೆಳೆಸಲು ಸಾಧ್ಯವಾದದ್ದು 2002ರಲ್ಲಿ. 2005ರಲ್ಲಿ ಓದಲಾದ ಅದರ ಜೀನೋಮ್‌ನ (ಇಡೀ ಡಿಎನ್‌ಎಯ) ಉದ್ದ ಸುಮಾರು 13 ಲಕ್ಷ ಬೇಸ್ ಜೋಡಿಗಳು, ಅಂದರೆ ಡಿಎನ್‌ಎಯ ಅಕ್ಷರಗಳು, ಅಷ್ಟೇ. ಸಲ್ಫೇಟನ್ನು ಅಪಕರ್ಷಿಸಿ (ಅದರ ಆಮ್ಲಜನಕವನ್ನು ತೆಗೆದು) ತನ್ನ ಅಮೈನೋ ಆಮ್ಲಗಳಿಗೆ ಬೇಕಾದ ಗಂಧಕವನ್ನು ಪಡೆಯುವ ವಂಶವಾಹಿಗಳ ಪೂರ್ಣ ಸರಣಿ ಅದರಲ್ಲಿರಲಿಲ್ಲ. ಸುತ್ತಲಿನ ನೀರಿನಲ್ಲಿ ಸಲ್ಫೇಟ್ ಧಾರಾಳವಾಗಿದ್ದರೂ ಅದು ಈ ಜೀವಿಯ ಉಪಯೋಗಕ್ಕೆ ಬಾರದು! ಮೆಥಿಯೋನಿನ್ ಅಥವಾ ಪಾಚಿಗಳು ತಯಾರಿಸುವ ಡಿಎಂಎಸ್‌ಪಿಯಂಥ ಗಂಧಕಯುಕ್ತ ಸಂಯುಕ್ತವನ್ನು ಕೊಟ್ಟರೆ ಅದು ಬೆಳೆಯುತ್ತದೆಂದು 2008ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಜೀನೋಮ್‌ನಲ್ಲಿ ಏನಿಲ್ಲ ಎಂಬುದರಿಂದಲೇ, ಆ ಜೀವಿ ನೆರೆಯ ಪಾಚಿಗಳನ್ನು ಎಷ್ಟು ಅವಲಂಬಿಸಿದೆ ಎಂಬುದು ಹೀಗೆ ಬಯಲಾಯಿತು.

ಒಂದು ಎಚ್ಚರಿಕೆ ಅಗತ್ಯ. ವಂಶವಾಹಿ ಇದೆ ಎಂದ ಮಾತ್ರಕ್ಕೆ ಜೀವಿ ಅದನ್ನು ಆ ಹೊತ್ತಿನಲ್ಲಿ ಬಳಸುತ್ತಿದೆ ಎಂದಾಗುವುದಿಲ್ಲ. ಅದನ್ನು ತಿಳಿಯಲು ಕೋಶಗಳ ಆರ್‌ಎನ್‌ಎಯನ್ನು, ಅಂದರೆ ಬಳಕೆಯಲ್ಲಿರುವ ವಂಶವಾಹಿಗಳಿಂದ ತಯಾರಾಗುವ ನಕಲುಗಳನ್ನು, ಓದಬೇಕು. ಅದು ಬೇಗನೆ ಹಾಳಾಗುವುದರಿಂದ ಹಡಗಿನಲ್ಲಿ ನೀರು ಸೋಸಿದ ಕೂಡಲೇ ಪೊರೆಯನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸುವುದುಂಟು. ಜೊತೆಗೆ, ಸಿಕ್ಕ ವಂಶವಾಹಿಗಳಲ್ಲಿ ಬಹಳಷ್ಟರ ಕೆಲಸ ಏನೆಂಬುದು ಇನ್ನೂ ಗೊತ್ತಾಗಿಲ್ಲವಾದ್ದರಿಂದ, ಜೀವಿಗಳನ್ನು ಬೆಳೆಸಿ ಪರೀಕ್ಷಿಸುವ ಹಳೆಯ ವಿಧಾನವನ್ನು ಇಂದಿಗೂ ಕೈಬಿಟ್ಟಿಲ್ಲ.